ಗೋರಿಗೊಂದು ಮೀಟರು

ಶಿರಾದ ಕೋಟೆ ಹಿಂದೆ, ಹುಣಸೆ ತೋಪು ಮುಗಿಯುವಲ್ಲಿ
ಒಂದು ಗುಮ್ಮಟ. ಮಧ್ಯಾಹ್ನ ಆಡುಗಳು ನೆರಳಿಗೆ ಬರುತ್ತವೆ.
ನಾನು ಹೋದದ್ದು ನೋಡಲಿಕ್ಕಲ್ಲ,
ಬಲ್ಬು ಹಾಕಲಿಕ್ಕೆ.

ಜೈತೂನ್‌ಬಿ ಬೀಗದಕೈಯನ್ನು
ಎಲೆಯಡಿಕೆ ಚೀಲದ ದಾರಕ್ಕೆ ಕಟ್ಟಿಕೊಂಡಿದ್ದರು.
"ಮೇಲಿರೋದೆಲ್ಲ ತೋರಿಕೇದು" ಅಂದರು,
ಹಸಿರು ಚಾದರ ಹೊದ್ದ ಐದು ಗೋರಿಗಳ ಕಡೆ ಕೈ ಬೀಸಿ,
ಸಂತೆಯಲ್ಲಿ ಕೊಳೆತ ಟೊಮೇಟೊ ಸರಿಸುವ ಹಾಗೆ.
"ಮಣ್ಣಾದವರು ಕೆಳಗವ್ರೆ."

ಹಾಗಾದರೆ ಇಷ್ಟು ವರ್ಷ
ಇಲ್ಲಿ ಊದುಬತ್ತಿ ಹಚ್ಚಿದ್ದು, ಸಕ್ಕರೆ ಓದಿಸಿದ್ದು,
ನಮ್ಮ ಹಟ್ಟಿಯ ಹೆಂಗಸರು ಚಳಿಜ್ವರದ ಕೂಸುಗಳನ್ನು ತಂದು ಮಲಗಿಸಿದ್ದು
ಬರಿಗಲ್ಲಿನ ಮುಂದೆಯೇ?
ಕೇಳಲಿಲ್ಲ.
ಏಣಿ ಒಳಗೆ ಹಿಡಿಯುತ್ತದಾ ಅಂತಷ್ಟೇ ಕೇಳಿದೆ.

ಹದಿಮೂರು ಮೆಟ್ಟಿಲು, ಒಂದೊಂದೂ ಒಂದೊಂದು ಎತ್ತರ.
ತಲೆ ಬಗ್ಗಿಸದೆ ಇಳಿಯಲಾಗದು.
ಕಟ್ಟಿದವನ ಜಾಣತನವಿರಬೇಕು,
ಇಲ್ಲಾ ಕಲ್ಲು ಸಾಲದೆ ಬಂದಿರಬೇಕು.
ಮೊದಲು ಬಾವಲಿ ವಾಸನೆ. ಆಮೇಲೆ ತಂಪು,
ಹೊಸ ಮಡಕೆಯೊಳಗೆ ಮೂಗಿಟ್ಟ ಹಾಗೆ.

ಟಾರ್ಚಿಗೆ ಸಿಕ್ಕವರು:
ಸುಬೇದಾರ. ಅವನ ಇಬ್ಬರು ಹೆಂಡಿರು. ಒಬ್ಬ ಮೊಮ್ಮಗಳು.
ದಂಡಿಗೆ ಹೋಗಿ ಬರೀ ರುಮಾಲಾಗಿ ಮರಳಿದ ಮಗ.
ಹೂವಿಲ್ಲ, ಚಾದರವಿಲ್ಲ; ಸುಣ್ಣದ ದಿಬ್ಬಗಳು,
ದಿಬ್ಬದಿಂದ ದಿಬ್ಬಕ್ಕೆ ಜೇಡರ ಎಳೆ.
ಮೂಲೆಯಲ್ಲಿ ಇನ್ನೊಂದು, ಮೊಳದುದ್ದ.
ಮೇಲೆ ಐದೇ ಇದ್ದವಲ್ಲ, ನಾನೇ ಎಣಿಸಿದ್ದೆ.

"ಅದು?"
"ನಮ್ಮತ್ತೆ, ಬೇಗಮರ ಗಿಳಿ ಅಂತಿದ್ದರು.
ಅವರ ಅತ್ತೆ, ಗಾರೆಯವನ ಕೂಸು ಅಂತ.
ನಾನು ಏನೂ ಅನ್ನಲ್ಲ. ಗುಡಿಸ್ತೀನಿ."

ವೈರು ಎಳೆಯಲು ಗೋಡೆ ಹುಡುಕಿದೆ.
ಅದಕ್ಕೆ ಬೇಡ, ತಲೆದಿಕ್ಕು.
ಅದಕ್ಕೂ ಬೇಡ, ಪಡುವಣ.
ಕಾಲದಿಕ್ಕಿಗೆ ಹೊಡಿ ಅಂದರು.
ಎರಡೇ ಏಟಿಗೆ ಗಾರೆ ಉದುರಿತು, ಬೆಲ್ಲದ ಬಣ್ಣ.
ನಾಲಿಗೆಗಿಟ್ಟು ನೋಡುವ ಆಸೆಯಾಯಿತು. ಇಡಲಿಲ್ಲ.

ನಮ್ಮಜ್ಜನನ್ನು ಇಟ್ಟದ್ದು ಹಟ್ಟಿಯಾಚೆ,
ತಂಗಡಿ ಗಿಡದ ಬುಡದಲ್ಲಿ, ತಲೆಗೊಂದು ಕಲ್ಲು.
ಹೈವೇ ಅಗಲವಾದಾಗ ಗಿಡ ಹೋಯಿತು, ಕಲ್ಲೂ ಹೋಯಿತು.
ಈಗ ಬಸ್ಸು ಆ ಕಡೆ ಹೋಗುವಾಗ
ಪೆಟ್ರೋಲ್ ಬಂಕು ದಾಟಿದ ಮೇಲೆ ಎಲ್ಲೋ ಒಂದು ಕಡೆ
ಕಾಲೆರಡನ್ನೂ ಸೀಟಿನ ಮೇಲೆಳೆದುಕೊಂಡು ಕೂರುತ್ತೇನೆ.
ಮತ್ತೆ ಎಲ್ಲಿ ಕೆಳಗಿಡಬೇಕೋ
ತಿಳಿಯುವುದಿಲ್ಲ.

"ಸ್ವಿಚ್ಚು ಮೇಲಿರಲಿ ಜುಂಜಣ್ಣ" ಅಂದರು ಜೈತೂನ್‌ಬಿ,
"ಯಾರಾದರೂ ಮರೆತು ಹೋದರೆ
ರಾತ್ರಿಯೆಲ್ಲ ಅವರ ಕಣ್ಣಿಗೆ ಬೆಳಕು."

ಬಾಗಿಲ ಬಳಿ ಕೂತು ಅರ್ಜಿ ತುಂಬಿದೆವು.
ಬೆಸ್ಕಾಂಗೆ ಬೇಕು: ಗ್ರಾಹಕರ ಹೆಸರು,
ಮೊಬೈಲ್ ನಂಬರು, ವಾರಸುದಾರರ ಸಹಿ.
ಅವರು ಬಾಯಿಗೆ ಸೆರಗಿಟ್ಟು ನಕ್ಕರು.
"ಸುಬೇದಾರ ಸಾಹೇಬರ್ದೇ ಬರಿ.
ಬಿಲ್ಲು ಬಾಕಿ ಉಳಿದರೆ ಅವರೇ ಎದ್ದು ಬಂದು ಕಟ್ಟಲಿ."
ನಗು ಮುಗಿಯಲು ಹೊತ್ತು ಹಿಡಿಯಿತು.
ಆಮೇಲೆ ಹೆಬ್ಬೆಟ್ಟನ್ನು ಸೀರೆಗೆ ಒರೆಸಿ
ನನ್ನ ಮುಂದೆ ಚಾಚಿದರು,
ಇಷ್ಟು ದಿನ ಯಾರೂ ಕೇಳಿರಲಿಲ್ಲ ಎಂಬಂತೆ.

ಕೊನೆಯ ಕಾಲಮ್ಮು:
ಕಟ್ಟಡದಲ್ಲಿ ವಾಸವಿರುವವರು ಎಷ್ಟು ಮಂದಿ?

"ಆರು" ಅಂದರು.
ಲೆಕ್ಕ ಹೇಳಿದರೋ,
ಯಾರು ಅಂತ ನನ್ನನ್ನೇ ಕೇಳಿದರೋ.
ನಾನು ಅಂಕಿಯಲ್ಲೇ ಬರೆದೆ.