ಮುರಿಯದ ಖಾಲಿ

ಕರಂಗಲ್ಪಾಡಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ
ಇಪ್ಪತ್ತೊಂಬತ್ತು ವರ್ಷದಿಂದ ದಾವೆ ಟೈಪು ಮಾಡುತ್ತೇನೆ.
ಮೊದಲು ರೆಮಿಂಗ್ಟನ್ನು. ತಪ್ಪಿದರೆ
ಬಿಳಿ ಹಚ್ಚಿ ಊದಬೇಕು,
ಕಡಲ ಗಾಳಿಗೆ ಅದು ಬೇಗ ಒಣಗುವುದೂ ಇಲ್ಲ.
ಈಗ ತಪ್ಪನ್ನು ಯಂತ್ರವೇ ತೋರಿಸುತ್ತದೆ,
ಸರಿಯನ್ನೂ ತೋರಿಸುತ್ತದೆ, ತಪ್ಪೆಂದು.

ಹೊಸ ಸಾಫ್ಟ್‌ವೇರ್ ಹಾಕಿಸಿದ್ದು ಜೂನಿಯರ್ ಮಿಸ್ರಿಯಾ.
"ಸೆವ್ರಿನಕ್ಕಾ, ಇನ್ನು ಮೂರಕ್ಷರ ಹೊಡೆದರೆ ಸಾಕು,
ಉಳಿದದ್ದು ಅದೇ ಬರೆಯುತ್ತದೆ.
ಕಾಯ್ದೆಯ ಹೆಸರು ಓರೆ, ಅಲ್ಪವಿರಾಮ, ಇಸವಿ ನೆಟ್ಟಗೆ."
ನೋಡಿದೆ. ಹೌದು.
ಹೆಸರುಗಳೆಲ್ಲ ಒರಗಿ ಕೂತಿದ್ದವು,
ಇಸವಿ ಮಾತ್ರ ನಿಂತೇ ಇತ್ತು,
ಸ್ಟೇಟ್‌ಬ್ಯಾಂಕಿನ ಬಸ್ಸಲ್ಲಿ ಸೀಟು ಸಿಗದವರ ಹಾಗೆ.

ಅವತ್ತಿನ ಕಡತ ಮುಲ್ಕಿಯದ್ದು, ಹಳೆಯ ಪಾಲುಪಟ್ಟಿಯ ತಕರಾರು.
ಮದ್ರಾಸ್ ಅಳಿಯಸಂತಾನ ಕಾಯ್ದೆ, 1949 ಎಂದು ಹೊಡೆದೆ.
ರೆಪ್ಪೆ ಬಡಿಯುವುದರೊಳಗೆ
ಚೆನ್ನೈ ಅಳಿಯಸಂತಾನ ಕಾಯ್ದೆ ಎಂದಾಯಿತು.
ಅಳಿಸಿ ಹೊಡೆದೆ. ಮತ್ತೆ ಚೆನ್ನೈ.
ಎಂಥದು ಮಾರಾಯ್ತಿ ಇದು,
ಊರು ಹೆಸರು ಬದಲಿಸಿತೆಂದು ಕಾಯ್ದೆಯೂ ಬದಲಿಸಬೇಕಾ?
ನಮ್ಮ ಜಿಲ್ಲೆ ಮದ್ರಾಸಿನದ್ದಾಗಿದ್ದ ಕಾಲದ ಮಾತು ಅದು.
ಆಗ ಹುಟ್ಟಿದವರನ್ನು ಆಗಿನ ಹೆಸರಲ್ಲೇ ಕರೆಯಬೇಕು.

ಕವರು ಎಂದು ಹೊಡೆದರೆ
ಅಡಿಯಲ್ಲಿ ಕೆಂಪು ಹಾವೊಂದು ಹರಿದು
ಲಕೋಟೆಯೇ? ಎಂದು ಕೇಳುತ್ತದೆ.
ಅಲ್ಲ. ಒಬ್ಬ ತಾಯಿ, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು.
ಅಂಟಿಸಿ, ಸ್ಟಾಂಪು ಹಚ್ಚಿ ಕಳಿಸುವಂಥದ್ದಲ್ಲ.

ನನಗೆ ಸಿಟ್ಟು ಬಂದದ್ದು ಇದಕ್ಕೂ ಅಲ್ಲ.
ಕಲಂ ಎಂಬುದು ಸಾಲಿನ ತುದಿಯಲ್ಲೇ ಉಳಿದು
36 ಕೆಳಗಿನ ಸಾಲಿಗೆ ಬೀಳುತ್ತದಲ್ಲ, ಅದಕ್ಕೆ.
ರೆಮಿಂಗ್ಟನ್ ಆದರೆ ಗಂಟೆ ಹೊಡೆದು ಹೇಳುತ್ತಿತ್ತು:
ಸಾಲು ಮುಗಿಯಿತು, ಜೋಡಿಯನ್ನು ಒಟ್ಟಿಗೆ ಇಳಿಸು.
ಮಿಸ್ರಿಯಾ ನನ್ನ ಬೆರಳು ಹಿಡಿದು ತೋರಿಸಿದಳು,
ಕಂಟ್ರೋಲ್, ಶಿಫ್ಟ್, ಸ್ಪೇಸ್, ಮೂರೂ ಒಮ್ಮೆಗೇ.
"ಇದು ಮುರಿಯದ ಖಾಲಿ."
ನೋಡಲಿಕ್ಕೆ ಬೇರೆ ಖಾಲಿಯ ಹಾಗೆಯೇ,
ಆದರೆ ಆಚೀಚೆಯವರನ್ನು ಬಿಟ್ಟುಕೊಡುವುದಿಲ್ಲ.
ಕಲಂ ಹೋದಲ್ಲಿಗೆ 36,
36ರ ಬೆನ್ನಿಗೇ ಆವರಣದೊಳಗಿನ 3.

ಮಧ್ಯಾಹ್ನ ಮುತ್ತಕ್ಕೆ ಶೆಡ್ತಿ ಬಂದರು, ಎಂಬತ್ತಮೂರು,
ಬಸ್ಸಿನ ಟಿಕೇಟನ್ನು ಸುರುಳಿ ಸುತ್ತಿ ಬಳೆಯೊಳಗೆ ಸಿಕ್ಕಿಸಿಕೊಂಡು.
ಮೊದಲ ಸಲ ಪೂರ್ತಿ ಹೆಸರು, ಮನೆ, ವಯಸ್ಸು;
ಎರಡನೇ ಸಲದಿಂದ ಸದರಿ ಒಂದನೇ ವಾದಿ.
ಕಾಯ್ದೆಗೂ ಮನುಷ್ಯರಿಗೂ ಒಂದೇ ನಿಯಮ.
ಓದಿ ಹೇಳಿದೆ. ಅವರು ತುಳುವಿನಲ್ಲಿ ಕೇಳಿದರು,
ಎರಡನೇ ಪುಟದಿಂದ ನಾನು ಎಲ್ಲಿಗೆ ಹೋದೆ?

ಅವರ ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ನಿಸ್ಸಂತತಿ ಕವರು.
ಅಂಥವರಿಗೆ ಪಾಲು ಉಸಿರಿರುವ ತನಕ ಎಂದಿತು 1949,
ಹಾಗಲ್ಲ ಎಂದಿತು 1956.
"ತೀರಿಕೊಂಡದ್ದು ಯಾವ ಇಸವಿ?" ಮುಂಡ್ಕೂರು ರಾಯರು ಕೇಳಿದರು.
"ಆಟಿ."
"ತಿಂಗಳಲ್ಲ, ಇಸವಿ."
"ಶಾಂಭವಿ ಹೊಳೆಗೆ ಹೊಸ ದೋಣಿ ಇಳಿಸಿದ ವರ್ಷ.
ನನಗೆ ಹದಿನಾಲ್ಕೋ ಹದಿನೈದೋ.
ನನ್ನ ತಲೆ ಬಾಚುತ್ತಾ ಇದ್ದಳು, ಕೈ ನಿಂತಿತು.
ಅರ್ಧ ಜಡೆ."
ರಾಯರು ಪೆನ್ನಿನ ಮುಚ್ಚಳ ಹಾಕಿದರು.

ಎಲ್ಲರೂ ಹೋದ ಮೇಲೆ ಆ ಸಾಲು ಹೊಡೆದೆ.
ಪರಮು ಶೆಡ್ತಿ. ಮೂರನೇ ಸಲವೂ ಪೂರ್ತಿ ಹೆಸರು,
ಸದರಿ ಎನ್ನಲಿಲ್ಲ.
ಮರಣ: ಆಟಿ ತಿಂಗಳು. ಆಮೇಲೆ ಜಾಗ.
ಪರದೆ ಕೆಂಪಾಯಿತು: ಇಸವಿ ನಮೂದಿಸಿಲ್ಲ.
ಗೊತ್ತಿದೆ, ಎಂದೆ ಗಟ್ಟಿಯಾಗಿಯೇ.

ದಾಖಲೆ ಕೋಣೆಯಲ್ಲಿ ಹುಡುಕಿದರೆ ಸಿಕ್ಕೀತು.
ಸಿಗಲಿಕ್ಕೂ ಇಲ್ಲ.
ಮೂರು ಬೆರಳು ಒಟ್ಟಿಗೆ ಒತ್ತಿದೆ,
ಅಲ್ಲಿಯ ತನಕ ಸಾಲು ಎಲ್ಲೇ ಮುರಿಯಲಿ,
ಆ ಖಾಲಿ ಅವಳನ್ನು ಬಿಟ್ಟು
ಕೆಳಗಿಳಿಯಬಾರದು.