ಕರಿಗೇರಿನ ಗುರುತು

ಮನಾಮದ ಲಾಂಡ್ರಿ, ಗುರುವಾರ ರಾತ್ರಿ.
ಅರಬರ ತೋಬುಗಳ ಗುಡ್ಡೆ ಕರಗಿದ ಮೇಲೆ
ಲಿಗಾಯ ತನ್ನ ಬಿಳಿಯಂಗಿಗೆ ಇಸ್ತ್ರಿ ಹಿಡಿಯುತ್ತಾಳೆ.
ಮಾರ್ಮನ್ನರವಳು; ಇಲ್ಲಿ ಅವಳಿಗೆ ಶುಕ್ರವಾರವೇ ಭಾನುವಾರ.

ಸತ್ತವರ ಹೆಸರು ಹಿಡಿದು, ಅವರ ಬದಲಿಗೆ
ಇದ್ದವರು ನೀರಲ್ಲಿ ಮುಳುಗೇಳುತ್ತಾರಂತೆ.
ಒಲ್ಲೆನೆಂದರೆ ಸತ್ತವರಿಗೂ ಬಲವಂತವಿಲ್ಲ.
ಅಲ್ಲಿ ಬೆಳಕು ಮೂರು: ಸೂರ್ಯನದು, ಚಂದ್ರನದು,
ಕಟ್ಟಕಡೆಯವನಿಗೂ ಚುಕ್ಕಿಯಷ್ಟು.

‘ಗಂಡ, ಹೆಂಡತಿ, ಮಕ್ಕಳು ಅಲ್ಲೂ ಒಟ್ಟಿಗೆ.’
‘ಫ್ಯಾಮಿಲಿ ವೀಸಾಕ್ಕೆ ಸಂಬಳ ಎಷ್ಟಿರಬೇಕು?’ ಅಂದೆ.
ನಕ್ಕಳು. ಇಲೋಇಲೋದಲ್ಲಿ ಮಗ ಒಂಬತ್ತನೇ ಕ್ಲಾಸು,
ಅವನಿಗೆ ಮೂರಾಗಿದ್ದಾಗ ಬಂದವಳು.

ನಮ್ಮಪ್ಪ ಊರ ಹೆಣಗಳಿಗೆಲ್ಲ ಮಡಿ ಹಾಸಿದವನು.
ಕರಿಗೇರಿನ ಸೊನೆಯಲ್ಲಿ ಚುಕ್ಕಿಯಿಟ್ಟು
ನೂರು ಮನೆಯ ಬಟ್ಟೆ ಒಗೆದ;
ಒಂದು ಚೌಕವೂ ತಪ್ಪಿ ಬೇರೆ ಮನೆ ಸೇರಲಿಲ್ಲ.
ಅವನು ಹೋದಾಗ ಹಾಸಲು ನಾನಿರಲಿಲ್ಲ.

‘ಅವನ ಹೆಸರು ಬರೆಸಬಹುದಾ?’
‘ರಕ್ತದವರೇ ಕೊಡಬೇಕು. ಹುಟ್ಟಿದ ದಿನ?’
ದೊಡ್ಡ ನೆರೆ ಬಂದ ವರ್ಷ, ಸೋಮವಾರ.
ಅಷ್ಟೇ ಗೊತ್ತು.

ಕಪಾಟಿನ ತಳದಲ್ಲಿ ಚೀಟಿಯಿಲ್ಲದ ಒಂದು ಅಂಗಿ.
ಮೂರು ತಿಂಗಳಾಯಿತು, ಯಾರೂ ಕೇಳಿಲ್ಲ.
ಬಿಸಾಡು ಅಂದಿದ್ದಾನೆ ಮಾಲೀಕ.
ಇನ್ನೊಂದು ವಾರ ಇರಲಿ ಅಂತ
ಮತ್ತೆ ಮಡಿಚಿಟ್ಟೆ.