ತೂಕದ ಚೀಟಿ

ರೂವಿಯಲ್ಲಿ ಔಷಧಿ ಅಂಗಡಿಯ ಮೇಲಿನ ಕೋಣೆ.
ಶೂ ಹೊರಗೆ ಬಿಟ್ಟು ಬನ್ನಿ, ಅಂದಳು ಶಮ್ಸಾ.
ಮೇಜಿಲ್ಲ, ಗುಳಿಗೆಯಿಲ್ಲ,
ಒಂದು ಜಮಖಾನ, ಎರಡು ದಿಂಬು,
ಸಾಕ್ಸಿನ ತೂತಿನಿಂದ ಇಣುಕುವ ನನ್ನ ಹೆಬ್ಬೆರಳು.
ಕಂಪನಿ ಕಳಿಸಿದ್ದು: ಆರು ಬುಧವಾರ, ಪಗಾರ ಮುರಿಯುವುದಿಲ್ಲ.

ನಾನು ಏರ್‌ಪೋರ್ಟಿನ ಕಾರ್ಗೋದಲ್ಲಿ ತೂಗುವವನು.
ಖರ್ಜೂರ, ಒಣಮೀನು, ಯಾರದೋ ಮದುವೆಯ ಕಂಬಳಿ,
ಆಗೊಮ್ಮೆ ಈಗೊಮ್ಮೆ
ಉದ್ದನೆಯ ಪೆಟ್ಟಿಗೆ.
ಎಲ್ಲಕ್ಕೂ ಒಂದೇ ತಕ್ಕಡಿ, ಒಂದೇ ಹಸಿರು ಅಂಕಿ,
ಕಿರ್ರೆಂದು ಹೊರಬರುವ ಅದೇ ಚೀಟಿ.
ಹನ್ನೊಂದು ವರ್ಷ ಕೈ ನಡುಗಿರಲಿಲ್ಲ.

ಅವತ್ತು ಬಂದದ್ದು
ನೂರಾ ಹದಿನಾಲ್ಕು ಕಿಲೋ, ಪೆಟ್ಟಿಗೆ ಸಹಿತ:
ದಸ್ತಗೀರ, ಇಳಕಲ್ಲು, ಎಸಿ ಮೆಕ್ಯಾನಿಕ್,
ನನ್ನ ಮೇಲಿನ ಮಂಚದವನು.

ಆಮೇಲೆ ಎಡಭುಜ
ಕಿವಿಯ ಹತ್ತಿರ ಹೋಗಿ ಕೂತದ್ದು ಇಳಿದಿಲ್ಲ.
ಎಕ್ಸರೇಯಲ್ಲಿ ಏನೂ ಇಲ್ಲ. ರಕ್ತ ಸರಿಯಿದೆ.
ಮುಲಾಮಿನ ಎರಡು ಟ್ಯೂಬು ಮುಗಿದವು.

ಎಲ್ಲಿ, ಎಂದಳು ಶಮ್ಸಾ.
ಏನು, ಯಾಕೆ, ಯಾವಾಗಿಂದ, ಅದೆಲ್ಲ ಆಮೇಲಂತೆ. ಎಲ್ಲಿ.
ಅವಳ ಹಿಂದಿ ಮತ್ರಾದ ಪೇಟೆಯದು,
ನನ್ನದು ಲೇಬರ್ ಕ್ಯಾಂಪಿನದು.
ಕರುಳು ಚುರುಕ್ಕೆನ್ನುವುದಕ್ಕೆ ಏನನ್ನಲಿ ಅದರಲ್ಲಿ?
ಗಂಟಲು ಕಟ್ಟಿತು ಅಂದರೆ ಕೆಮ್ಮು ಅಂದುಕೊಂಡಾಳು.
ನಿಮ್ಮ ಮಾತಲ್ಲೇ ಹೇಳಿ, ಅಂದಳು,
ನನಗೆ ತಿಳಿಯುವುದು ಬೇಡ,
ನಿಮ್ಮ ಕೈ ನೋಡುತ್ತಿರುತ್ತೇನೆ.

ಹೇಳಿದೆ, ನಮ್ಮ ಕುಷ್ಟಗಿ ಕಡೆಯ ಮಾತಲ್ಲಿ:
ಅಂವ ಮಲಗಿದಲ್ಲೇ ಹೋಗಿದ್ದ್ರೀ,
ಮುಂಜಾನಿ ಅಲಾರಾಂ ಬಡಕೋತನ ಇತ್ತು,
ನಾ ಕೆಳಗಿಂದ ಬೈದೆ, ಬಂದ್ ಮಾಡಲೇ ಅಂತ.
ಎರಡು ಸಲ ಬೈದೆ.

ಕೈ ತಾನಾಗಿ ಹೋಗಿತ್ತು.
ಭುಜಕ್ಕಲ್ಲ,
ಪಕ್ಕೆಲುಬಿನ ಕೆಳಗೆ, ಬೆಲ್ಟಿಗಿಂತ ನಾಲ್ಕು ಬೆರಳು ಮೇಲೆ.
ಅಲ್ಲೇ ಇರಲಿ, ಅಂದಳು. ಒತ್ತಬೇಡಿ.
ಮಗು ಮಲಗಿರುವ ಕೋಣೆಯ ಬಾಗಿಲ ಮೇಲೆ ಇಟ್ಟ ಹಾಗೆ.
ಈಗ ಹಿಮ್ಮಡಿ.
ನೆಲ ನಿಮ್ಮನ್ನು ಹೊತ್ತಿದೆಯೇ, ನೋಡಿ.

ನಗು ಬಂತು.
ಊರೆಲ್ಲ ತೂಗುವವನ ತೂಕ ಕೇಳುತ್ತಾಳಲ್ಲ!
ಮಾರನೆಯ ದಿನ ಗೋದಾಮಿನಲ್ಲಿ ಯಾರೂ ಇಲ್ಲದಾಗ
ತಕ್ಕಡಿ ಹತ್ತಿ ನಿಂತೆ.
ಎಪ್ಪತ್ತೊಂದು. ಕಾಲು ಬದಲಿಸಿದರೆ ಅಂಕಿ ತುಸು ಅಲುಗಿ
ಮತ್ತೆ ಎಪ್ಪತ್ತೊಂದು.
ಸೂಪರ್‌ವೈಸರ್ ಕೂಗುವವರೆಗೂ ನಿಂತಿದ್ದೆ.

ಮೂರನೇ ಬುಧವಾರ ಏನೂ ಆಗಲಿಲ್ಲ.
ಉಸಿರು ಎಣಿಸುತ್ತ ಹದಿನೇಳಕ್ಕೆ ನಿದ್ದೆ ಹೋದೆ.
ಅವಳು ಎಬ್ಬಿಸಲಿಲ್ಲವಂತೆ.
ಕಣ್ಣು ಬಿಟ್ಟಾಗ ಮಗ್ರಿಬ್‌ನ ಬಾಂಗು,
ದಿಂಬಿನ ಮೇಲೆ ನನ್ನ ಜೊಲ್ಲು. ನಾಚಿಕೆಯಾಯಿತು.

ಒಂದು ಮಾತು ಅವಳಿಗೂ ಹೇಳಿಲ್ಲ.
ದಸ್ತಗೀರ ಇದ್ದಾಗ ಮೇಲಿನ ಮಂಚದ ಪ್ಲೈವುಡ್
ನನ್ನ ಮೂಗಿಗೆ ಮೊಳ ದೂರಕ್ಕೆ ಜಗ್ಗುತ್ತಿತ್ತು.
ಒಂದಿನ ಬೀಳ್ತೀಯೋ ನನ್ನ ಮೇಲೆ, ಅನ್ನುತ್ತಿದ್ದೆ.
ಈಗ ಅದು ಮಟ್ಟಸ.
ಮಟ್ಟಸವಾದ ಆ ಹಲಗೆಯಷ್ಟು ಭಾರದ್ದನ್ನು
ನಾನು ತೂಗಿದ್ದಿಲ್ಲ.

ನಿನ್ನೆ ರಾತ್ರಿ ಹೊಸ ಹುಡುಗ ಬಂದ, ನೇಪಾಳದವನು,
ಮೂಗಿನ ಮೇಲೆ ಇನ್ನೂ ವಿಮಾನದ ನೆಗಡಿ.
ಏಣಿ ಹತ್ತುವಾಗ ಮಂಚ ಕಿರುಗುಟ್ಟಿತು,
ಮಾಫ್ ಕರ್ನಾ, ಅಂದ.
ಹಲಗೆ ಬಾಗಿತು.
ಅಷ್ಟಲ್ಲ, ಎರಡು ಬೆರಳು.

ಬೆಳಿಗ್ಗೆ ನಾಲ್ಕಕ್ಕೆ ಅವನ ಅಲಾರಾಂ.
ಬಡಿಯಿತು, ನಿಂತಿತು, ಮತ್ತೆ ಬಡಿಯಿತು.
ಪಕ್ಕೆಲುಬಿನ ಕೆಳಗೆ ಕೈ ಇಟ್ಟುಕೊಂಡು
ಕಾದೆ. ಬೈಯಲಿಲ್ಲ.
ಹಿಮ್ಮಡಿ ಎಲ್ಲಿದೆ ಎಂದು ಹುಡುಕಿದೆ.

ಆರನೇ ಸಲಕ್ಕೆ
ಮೇಲಿನಿಂದ ಒಂದು ಆಕಳಿಕೆ.